ತಣ್ಣಗಾಗದ ಮಡಕೆ, ಉಪ್ಪಾದ ಸಂಡಿಗೆ

2024ರ ಬೇಸಿಗೆ ರಜೆ ಶುರುವಾದ ಎರಡನೇ ದಿನ, ಮಗಳ ಹಳೇ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದಿದ್ದ ಹಾಳೆಗಳಿಗೆ ಗೆರೆ ಎಳೆದೆ. ದಿನಾಂಕ, ಬಾಬ್ತು, ಖರ್ಚು, ಅಂಗಡಿ ಬೆಲೆ, ಉಳಿತಾಯ ಅಂತ ಐದು ಕಲಂ. ಮೊದಲ ಸಾಲಿನಲ್ಲೇ ‘ಹೊಸ ನೋಟ್‌ಬುಕ್ ಕೊಳ್ಳದ್ದು, ಉಳಿತಾಯ 40’ ಎಂದು ಬರೆದು ಖುಷಿಪಟ್ಟೆ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುವವನಿಗೆ ಗೆರೆ ಎಳೆಯದಿದ್ದರೆ ಕೆಲಸಕ್ಕೆ ಕೈ ಹಾಕಿದ ಹಾಗೇ ಅನ್ನಿಸುವುದಿಲ್ಲ.

ಅಲ್ಲಿಯವರೆಗೆ ನನ್ನ ಬೇಸಿಗೆ ರಜೆ ಅಂದರೆ ಬೆಳಿಗ್ಗೆ ಪೇಪರು, ಮಧ್ಯಾಹ್ನ ಊಟ, ಊಟದ ಮೇಲೆ ನಡುಮನೆಯ ಕೆಂಪು ನೆಲದ ಮೇಲೆ ಚಾಪೆ. ಎದ್ದಾಗ ತಾರಸಿಯಿಂದ ಸಂಡಿಗೆ ಇಳಿದು ಬಂದು ಮೊರದಲ್ಲಿ ಕೂತಿರುತ್ತಿತ್ತು. ಅದು ಮೇಲಕ್ಕೆ ಹೇಗೆ ಹತ್ತಿತು, ಕೆಳಕ್ಕೆ ಹೇಗೆ ಇಳಿಯಿತು ಎಂದು ಕೇಳುವ ಪ್ರಸಂಗ ಬಂದಿರಲಿಲ್ಲ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಿತ್ತು. ಒಬ್ಬಟ್ಟಿನ ಮೇಲೆ ತುಪ್ಪ ಹಾಕುತ್ತಲೇ ನನ್ನ ಹೆಂಡತಿ ಅಮ್ಮನಿಗೆ ಹೇಳಿಬಿಟ್ಟಳು: “ಅತ್ತೆ, ಈ ಸಲ ಸಂಡಿಗೆಗೆ ನನ್ನ ನೆಚ್ಚಿಕೋಬೇಡಿ. ಮಾರ್ಚ್ ಲೆಕ್ಕ ಮುಗಿಸಿ ಸೊಂಟ ಬಿದ್ದುಹೋಗಿದೆ. ನಿಮ್ಮ ಮಗ ಮನೇಲೇ ಇರ್ತಾರಲ್ಲ.” ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಬ್ಯಾಂಕಿಗೆ ಬೇಸಿಗೆ ರಜೆ ಇಲ್ಲ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು, ಸಂತೆಯಲ್ಲಿ ಹೋರಿ ನೋಡುವ ಹಾಗೆ. “ಇರ್ಲಿ ಬಿಡಮ್ಮ, ಇವನನ್ನೇ ಪಳಗಿಸ್ತೀನಿ” ಅಂದರು.

ಅಮ್ಮನಿಗೆ ಆಗ 76. ಮಂಡಿ ನೋವು, ಮೆಟ್ಟಿಲು ದಿನಕ್ಕೆ ಒಂದೇ ಸಲ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ತಲೆ ಅವರದು, ಕೈಕಾಲು ನನ್ನದು ಎಂಬ ಒಪ್ಪಂದವಾಯಿತು.

ನಮ್ಮದು ಮೈಸೂರಿನಲ್ಲಿ ಮೂವತ್ತು ನಲವತ್ತರ ಸೈಟು. ಅಪ್ಪ ಕಟ್ಟಿಸಿದ ಮನೆ. ಹಿಂದೆ ಒಂದು ತೆಂಗು, ಕರಿಬೇವು, ಬಚ್ಚಲ ಮೋರಿಗೆ ಅಂಟಿಕೊಂಡು ಬಾಳೆ, ಆಚೆ ಮೂಲೆಯಲ್ಲಿ ಹೊಗೆ ಹಿಡಿದ ಹಂಡೆ ಒಲೆ. ಕಾಂಪೌಂಡಿನ ಉದ್ದಕ್ಕೆ ಮೂರಡಿ ಅಗಲದ ಮಣ್ಣು. ಸಂಕ್ರಾಂತಿ ಕಳೆದ ಮೇಲೆ ಅಮ್ಮ ಅಲ್ಲಿ ಆರು ಈರನಗೆರೆ ಬದನೆ ಸಸಿ ನೆಡಿಸಿದ್ದರು. ಈರನಗೆರೆ ಈಗ ಊರೊಳಗಿನ ಬಡಾವಣೆ, ಆ ಹೆಸರಿನ ಹಸಿರು ಗುಂಡು ಬದನೆ ಮಾತ್ರ ಇನ್ನೂ ಹಿತ್ತಲುಗಳಲ್ಲಿ ಉಳಿದುಕೊಂಡಿದೆ. ವಾಂಗಿಭಾತಿಗೆ ಅದನ್ನು ಬಿಟ್ಟು ಬೇರೆ ಬದನೆ ಹಾಕಿದರೆ ಅಮ್ಮ ತಟ್ಟೆಯಲ್ಲೇ ಕಂಡುಹಿಡಿಯುತ್ತಾರೆ.

ಆದರೆ ಆ ಬೇಸಿಗೆಯಲ್ಲಿ ಗಿಡಕ್ಕೆ ನೀರು ಎಲ್ಲಿಂದ ತರುವುದು? ಹಿಂದಿನ ಮಳೆಗಾಲ ಕೈ ಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಪೇಪರಿನ ಮೂಲೆಯಲ್ಲಿ ಬರುವ ಕೆಆರ್‌ಎಸ್ ಮಟ್ಟವನ್ನು ಅಮ್ಮ ದಿನಾ ಓದಿಸಿ ಕೇಳುತ್ತಿದ್ದರು. ಪೂರ್ಣ ಮಟ್ಟ 124.80 ಅಡಿ ಎನ್ನುವುದು ಮೈಸೂರು ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಆ ಬೇಸಿಗೆಯಲ್ಲಿ ಮಾತ್ರ ಪಕ್ಕದ ಅಂಕಿ ಓದುವಾಗ ದನಿ ತಾನಾಗೇ ತಗ್ಗುತ್ತಿತ್ತು. ನಮ್ಮ ನಲ್ಲಿಗೆ ಹೊಂಗಳ್ಳಿ, ಬೆಳಗೊಳ, ಮೇಳಾಪುರ ಅಂತ ಕಾವೇರಿ ದಡದಿಂದ ಎತ್ತಿದ ನೀರೇ ಬರಬೇಕು. ಅದೂ ಎರಡು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ.

ಅಮ್ಮನ ಕಾನೂನು ಏನೆಂದರೆ, ಒಳಗೆ ಬಂದ ನೀರು ಎರಡು ಕೆಲಸ ಮಾಡದೆ ಮೋರಿ ದಾಟಬಾರದು. ಅಕ್ಕಿ ಬೇಳೆ ತೊಳೆದದ್ದು ಬದನೆಗೆ. ತರಕಾರಿ ತೊಳೆದದ್ದು ಕರಿಬೇವಿಗೆ. ಬಟ್ಟೆಯ ಸೋಪಿನ ನೀರು ಕಕ್ಕಸಿಗೆ, ಜಾಲಿಸಿದ ಕೊನೇ ನೀರು ಅಂಗಳ ತೊಳೆದು ಬಾಳೆ ಬುಡಕ್ಕೆ. ಇದರಲ್ಲಿ ಹೊಸದೇನೂ ಇಲ್ಲ, ಹಳೇ ಮನೆಗಳಲ್ಲಿ ಬಚ್ಚಲ ಮೋರಿ ಕೊನೆಯಾಗುವಲ್ಲಿ ಬಾಳೆಯೋ ಕೆಸುವೋ ಇದ್ದೇ ಇರುತ್ತಿತ್ತು. ವಾಷಿಂಗ್ ಮೆಷಿನ್ನಿನ ಪೈಪನ್ನು ಡ್ರಮ್ಮಿಗೆ ತಿರುಗಿಸಿದ್ದು ಮಾತ್ರ ನನ್ನ ಕೊಡುಗೆ. ಮೊದಲ ದಿನ ಪೈಪು ಹಾವಿನ ಹಾಗೆ ಎದ್ದು ಇಡೀ ಹಿತ್ತಲಿಗೆ ನೊರೆ ಎರಚಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಬದನೆಗೆ ಅಕ್ಕಿ ತೊಳೆದ ನೀರು ಸಾಲುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿದ್ದವು. ಆಗ ನನಗೆ ಮಡಕೆ ಹೂಳುವ ಉಪಾಯ ಹೊಳೆಯಿತು. ಮಡಕೆಯನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನೀರು ತುಂಬಿ ಮುಚ್ಚಳ ಹಾಕಿದರೆ, ಮಣ್ಣು ಒಣಗಿದಷ್ಟೂ ನೀರನ್ನು ಮಡಕೆಯ ಮೈಯಿಂದ ಹೀರಿಕೊಳ್ಳುತ್ತದೆ, ಒದ್ದೆಯಾದರೆ ತಾನೇ ನಿಧಾನವಾಗುತ್ತದೆ. ಮೇಲಿನ ಮಣ್ಣು ಒಣಗಿಯೇ ಇರುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವುದೂ ಕಡಿಮೆ. ಅಟ್ಟದ ಮೇಲೆ ಒಂದು ಹಳೇ ಕುಡಿಯುವ ನೀರಿನ ಮಡಕೆ ಇತ್ತು. ನೀರು ತಣ್ಣಗಾಗುತ್ತಿಲ್ಲ ಎಂದು ಮೂಲೆಗೆ ಸೇರಿದ್ದದ್ದು. ಖರ್ಚು ಸೊನ್ನೆ! ಗಡಾರಿ ಹಿಡಿದು ಗುಂಡಿ ತೋಡಿ, ಐದು ಲೀಟರ್ ತುಂಬಿ, ಸ್ಕೇಲ್ ಇಳಿಸಿ ಅಳತೆ ಬರೆದುಕೊಂಡೆ.

ಮೂರು ದಿನವಾದರೂ ನೀರು ಎರಡು ಬೆರಳು ಇಳಿಯಲಿಲ್ಲ. ಗಿಡಗಳು ಜೋತುಬೀಳುವುದನ್ನು ಬಿಡಲಿಲ್ಲ.

ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಾ ಇದನ್ನೆಲ್ಲ ಮೂರು ದಿನದಿಂದ ನೋಡುತ್ತಲೇ ಇದ್ದರು. “ತಣ್ಣಗಾಗದ ಮಡಕೆ ನೀರು ಬಿಡುತ್ತೇನೋ?” ಅಂದರು.

ನನಗೆ ನಾಚಿಕೆಯಾಯಿತು. ಐದನೇ ಕ್ಲಾಸಿಗೆ ನಾನೇ ಪಾಠ ಮಾಡಿದ್ದೇನೆ: ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗಿ, ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ವರ್ಷಗಟ್ಟಲೆ ಗಡಸು ನೀರು ತುಂಬಿದರೆ ಆ ರಂಧ್ರಗಳಲ್ಲಿ ಉಪ್ಪು ಕಟ್ಟಿಕೊಳ್ಳುತ್ತದೆ. ತಣ್ಣಗೂ ಮಾಡಲ್ಲ, ಜಿನುಗೂ ಜಿನುಗಲ್ಲ. ಎರಡೂ ಒಂದೇ ಸಂಗತಿ. “ಮೊದಲೇ ಹೇಳೋದಲ್ವೇನಮ್ಮ?” ಎಂದರೆ, “ನೀನು ಸ್ಕೇಲಲ್ಲಿ ಅಳೀತಿದ್ದೆ, ಏನೋ ಲೆಕ್ಕ ಇರಬಹುದು ಅಂತ ಸುಮ್ನಿದ್ದೆ” ಅಂದರು.

ಕುಂಬಾರರ ಹತ್ತಿರ ಬಣ್ಣ ಬಳಿಯದ ಎರಡು ಹೊಸ ಮಡಕೆ ತಂದೆ. ಒಂದಕ್ಕೆ 150. ಅವು ಎರಡು ದಿನಕ್ಕೆ ಖಾಲಿಯಾದವು, ಬದನೆ ತಲೆ ಎತ್ತಿತು. ಅಮ್ಮ ತಿಪಟೂರು ಕಡೆಯವರು. ಗಿಡದ ಬುಡಕ್ಕೆ ತೆಂಗಿನ ಮಟ್ಟೆಯನ್ನು ಹೊಟ್ಟೆ ಮೇಲಾಗಿ ಒತ್ತಾಗಿ ಜೋಡಿಸಿಸಿದರು, ಬಿದ್ದ ನೀರನ್ನು ಹಿಡಿದಿಟ್ಟುಕೊಳ್ಳಲಿ ಅಂತ. ಚೀನಾದವರು ಎರಡು ಸಾವಿರ ವರ್ಷದ ಹಿಂದೆಯೇ ಮಡಕೆ ಹೂಳುವ ವಿಧಾನವನ್ನು ಬೇಸಾಯದ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ ಎಂದು ನಾನು ಓದಿದ್ದನ್ನು ಹೇಳಿದೆ. “ಬರೆದಿಡೋಕೆ ಪುರುಸೊತ್ತಿತ್ತು ಅವರಿಗೆ” ಎಂದು ಅಮ್ಮ ಮಟ್ಟೆ ಸರಿಮಾಡಿದರು.

ತಾರಸಿಗೆ ಸುಣ್ಣ ಹೊಡೆದದ್ದನ್ನು ದೊಡ್ಡ ಕಥೆ ಮಾಡುವುದಿಲ್ಲ. ಕಲ್ಲುಸುಣ್ಣವನ್ನು ಹಿಂದಿನ ರಾತ್ರಿ ನೀರಿಗೆ ಹಾಕಿದರೆ ಅದು ಕುದಿಯುವುದನ್ನು ಮಕ್ಕಳು ಬೆರಗಾಗಿ ನೋಡಿದರು. ಬೆಳಿಗ್ಗೆ ಸೋಸಿ, ಒಂದಿಷ್ಟು ಫೆವಿಕಾಲ್ ಬೆರೆಸಿ ಎರಡು ಕೋಟ್ ಬಳಿದೆ. ಮಧ್ಯಾಹ್ನ ಮೂರಕ್ಕೆ ನಡುಮನೆಯಲ್ಲಿ 36 ತೋರಿಸುತ್ತಿದ್ದ ಥರ್ಮಾಮೀಟರು 34 ತೋರಿಸಿತು. ಎರಡು ಡಿಗ್ರಿಗೆ ಎರಡು ದಿನ ಅಂಗೈ ಉರಿ. ಅಷ್ಟೇ.

ಸಂಡಿಗೆಯ ವಿಷಯವೇ ಬೇರೆ.

ಹಿಂದಿನ ದಿನ ನೆನೆಹಾಕಿದ ಎರಡು ಕೆಜಿ ಹಳೇ ಅಕ್ಕಿಯನ್ನು ಬೆಳಗಿನ ಜಾವ ನಾಲ್ಕೂವರೆಗೆ ರುಬ್ಬಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಹಿಟ್ಟು ಹೊಯ್ದು, ಗಂಟಾಗದ ಹಾಗೆ ತಿರುವಬೇಕು. ತಿರುವುವುದು ಎಂದರೆ ನಾನು ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮುಕ್ಕಾಲು ಗಂಟೆ. ಅಂಬಲಿ ಗಟ್ಟಿಯಾಗುತ್ತಾ ಬಂದ ಹಾಗೆ ಸೌಟು ತೋಳನ್ನೇ ಕಿತ್ತುಕೊಳ್ಳುವಂತೆ ಎಳೆಯುತ್ತದೆ, ಮೇಲೆ ಬುಗ್ಗೆ ಒಡೆದು ಬಿಸಿ ಹಿಟ್ಟು ಮುಂಗೈಗೆ ಹಾರುತ್ತದೆ. ಹಸಿ ಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ, ಉಪ್ಪು ಹಾಕುವಾಗ ಅಮ್ಮ “ಸಪ್ಪೆ ಅನ್ನಿಸೋ ಹಾಗೆ ಹಾಕು” ಎಂದು ಹೇಳಿ ಹಾಲಿಗೆ ಬಾಗಿಲು ತೆಗೆಯಲು ಹೋದರು. ನಾನು ರುಚಿ ನೋಡಿದೆ. ಸಪ್ಪೆ ಅನ್ನಿಸಿತು. ಇನ್ನೊಂದು ಹಿಡಿ ಹಾಕಿದೆ.

ತಾರಸಿಯ ಮೇಲೆ ಅಪ್ಪನ ಹಳೇ ಪಂಚೆಗಳನ್ನು ಒದ್ದೆ ಮಾಡಿ ಹಾಸಿ, ಚಮಚದಲ್ಲಿ ಒಂದೊಂದಾಗಿ ಇಟ್ಟೆ. ಬಿಸಿಲೇರುವ ಮುಂಚೆ ಮುಗಿಯಬೇಕು, ಇಲ್ಲದಿದ್ದರೆ ಪಾತ್ರೆಯಲ್ಲೇ ಹಿಟ್ಟಿನ ಮೇಲೆ ಕೆನೆ ಕಟ್ಟುತ್ತದೆ. ಎಂಟು ಗಂಟೆಗೆ ನಡು ನೆಟ್ಟಗಾಗಲಿಲ್ಲ. ನಾಲ್ಕನೇ ಕ್ಲಾಸಿನ ಮಗನಿಗೆ ಕಾಗೆ ಕಾಯುವ ಕೆಲಸ ಕೊಟ್ಟು, ಕರೀ ಕೊಡೆ ಬಿಚ್ಚಿ ಕೂರಿಸಿದೆ. ಕೊಡೆಯನ್ನು ಅಲ್ಲೇ ಬಿಟ್ಟು ಅವನು ಕ್ರಿಕೆಟ್ಟಿಗೆ ಹೋದ. ಕಾಗೆಗಳು ಕೊಡೆಗೆ ಹೆದರಿದವು, ಅಳಿಲು ಹೆದರಲಿಲ್ಲ.

ಸಂಜೆ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ಬಿಟ್ಟುಕೊಳ್ಳುತ್ತದೆ. ಇನ್ನೆರಡು ಬಿಸಿಲು ಕೊಟ್ಟು, ಮೊರದಲ್ಲಿ ಆಡಿಸಿದಾಗ ಗಲಗಲ ಎಂದರೆ ಮುಗಿಯಿತು. ಮೂರನೇ ದಿನ ಎಣ್ಣೆಗೆ ಹಾಕಿದೆವು. ಮಲ್ಲಿಗೆಯ ಹಾಗೆ ಅರಳಿತು. ಬಾಯಿಗಿಟ್ಟರೆ ಸಮುದ್ರ. ಮಗಳು ನೀರು ಕುಡಿದು ಕೇಳಿದಳು: “ಅಪ್ಪ, ನೀರು ಆವಿಯಾಗುತ್ತೆ, ಉಪ್ಪು ಆವಿಯಾಗಲ್ಲ. ಅನುಪಾತ ಜಾಸ್ತಿ ಆಗಲ್ವಾ?” ಅನುಪಾತ! ಇಪ್ಪತ್ತೆರಡು ವರ್ಷದಿಂದ ಕಪ್ಪು ಹಲಗೆ ಮೇಲೆ ಬರೆದ ಪದ. ಆ ಸಂಡಿಗೆಯನ್ನು ಬಿಸಾಡಲಿಲ್ಲ. ಉಪ್ಪಿಲ್ಲದ ಮಜ್ಜಿಗೆ ಅನ್ನಕ್ಕೆ ನಂಜಿಕೊಂಡು ನಾನೊಬ್ಬನೇ ಎರಡು ತಿಂಗಳು ತಿಂದೆ.

ಎರಡನೇ ಸುತ್ತಿಗೆ ಸರಿಹೋಯಿತು. ಆಮೇಲೆ ಸಬ್ಬಕ್ಕಿ, ಆಮೇಲೆ ಬೂದುಗುಂಬಳದ ತಿರುಳು ತುರಿದು ಅರಳು ಕಲಸಿ ಉಂಡೆ ಇಡುವ ಅರಳು ಸಂಡಿಗೆ. ಕೊನೆಗೆ ಬಾಳಕದ ಮೆಣಸಿನಕಾಯಿ. ಅದು ಹಗಲು ಬಿಸಿಲಲ್ಲಿ, ರಾತ್ರಿ ಹುಳಿ ಮಜ್ಜಿಗೆಯಲ್ಲಿ, ಮಜ್ಜಿಗೆ ಪೂರ್ತಿ ಮೆಣಸಿನಕಾಯಿಯ ಹೊಟ್ಟೆ ಸೇರುವವರೆಗೆ ಹೀಗೇ ಹತ್ತಿ ಇಳಿಯುತ್ತಿರಬೇಕು. ಮಗಳು ಈ ನಡುವೆ ನನ್ನ ಎರಡು ಹಳೇ ಪ್ಯಾಂಟು ಕತ್ತರಿಸಿ ತರಕಾರಿ ಚೀಲ ಹೊಲಿದಳು. ಜೇಬುಗಳನ್ನು ಹಾಗೇ ಬಿಟ್ಟಿದ್ದಳು, ಚಿಲ್ಲರೆಗೆ. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನವರು ನನ್ನ ಪ್ಯಾಂಟನ್ನು ಎತ್ತಿ ಹಿಡಿದು ನೋಡಿದಾಗ ಮಾತ್ರ ಕಸಿವಿಸಿಯಾಯಿತು.

ಭಾನುವಾರ ನನ್ನ ಹೆಂಡತಿ ನೋಟ್‌ಬುಕ್ ತೆಗೆದು ನೋಡಿದಳು. ಅಕ್ಕಿ 100, ಸಬ್ಬಕ್ಕಿ 90, ಅರಳು 80, ಬೂದುಗುಂಬಳ 60, ಮೆಣಸಿನಕಾಯಿ ಇಂಗು ಇತ್ಯಾದಿ 70, ಗ್ಯಾಸು ಅಂದಾಜು 50. ಒಟ್ಟು 450. ಅಷ್ಟೇ ಸಂಡಿಗೆಗೆ ಅಂಗಡಿಯಲ್ಲಿ 840. ಉಳಿತಾಯ 390. ಕೆಳಗೆ ಎರಡು ಗೆರೆ.

“ಕೂಲಿ ಎಲ್ಲಿ?” ಅಂದಳು.

“ಯಾರ ಕೂಲಿ?”

“ನಿಮ್ಮದೇ.”

ಅಂಚಿನಲ್ಲಿ ಆರನೇ ಕಲಂ ಎಳೆದು ‘ಹೊತ್ತು’ ಎಂದು ಬರೆದೆ. ನೆನಪು ಮಾಡಿಕೊಂಡು ಕೂಡಿಸಿದರೆ ಹದಿನೇಳು ಗಂಟೆ. 390ನ್ನು 17ರಿಂದ ಭಾಗಿಸಿದರೆ ಗಂಟೆಗೆ 22 ರೂಪಾಯಿ 94 ಪೈಸೆ. ಅವಳು ಪೆನ್ನು ಕೆಳಗಿಟ್ಟು, ಏನೂ ಹೇಳದೆ, ಒಂದು ಸಂಡಿಗೆ ಬಾಯಿಗೆ ಹಾಕಿಕೊಂಡಳು. ಮದುವೆಯಾಗಿ ಹದಿನೇಳು ಬೇಸಿಗೆಯಲ್ಲಿ ಅವಳ ಎಷ್ಟು ಭಾನುವಾರ ಆ ತಾರಸಿಯ ಮೇಲೆ ಹೋಗಿದೆ ಎಂದು ನಾನೂ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ ಎನ್ನುವುದು ಸರಿ.

ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭಾ ಚುನಾವಣೆ. ಮೇಷ್ಟ್ರುಗಳಿಗೆ ಅದು ತಪ್ಪದ ಕೆಲಸ. 25ಕ್ಕೆ ಪೆಟ್ಟಿಗೆ ಹೊತ್ತು ಹೋದವನು 26ರ ಮಧ್ಯರಾತ್ರಿ ಮನೆಗೆ ಬಂದೆ. ಹೋಗುವಾಗ ಮಕ್ಕಳಿಗೆ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ: ಮಡಕೆಗೆ ನೀರು, ಸಂಜೆ ಐದಕ್ಕೆ ಮೆಣಸಿನಕಾಯಿ ಕೆಳಗೆ, ಬೆಳಿಗ್ಗೆ ಏಳಕ್ಕೆ ಮೇಲೆ. ಮಡಕೆ ತುಂಬಿತ್ತು. ಮೆಣಸಿನಕಾಯಿಯೂ ಮಜ್ಜಿಗೆಯಲ್ಲಿತ್ತು. ಆದರೆ ಅಮ್ಮ ಮಂಡಿಗೆ ಬಿಸಿ ನೀರಿನ ಚೀಲ ಇಟ್ಟುಕೊಂಡು ಎಚ್ಚರವಾಗಿಯೇ ಮಲಗಿದ್ದರು. ಮಕ್ಕಳು ಎರಡೂ ದಿನ ಪಕ್ಕದ ಬೀದಿಯಲ್ಲಿ ಆಟಕ್ಕೆ ಬಿದ್ದಿದ್ದರು, ಹೊತ್ತು ಮೀರಿತು, ಇಬ್ಬನಿ ಬೀಳುವ ಹೊತ್ತಿಗೆ ಅಮ್ಮನೇ ಹತ್ತಿದರು. ಎರಡು ದಿನಕ್ಕೆ ನಾಲ್ಕು ಸಲ. “ಯಾಕಮ್ಮ, ಒಂದು ಮೊರ ಮೆಣಸಿನಕಾಯಿ ಹಾಳಾದ್ರೆ ಹಾಳಾಗ್ತಿತ್ತು” ಎಂದು ರೇಗಿದೆ. “ಹಾಗಾದ್ರೆ ಮಾಡಿದ್ದಾದ್ರೂ ಯಾಕೆ?” ಅಂದರು. ಐದು ದಿನ ನೆಟ್ಟಗೆ ನಡೆಯಲಾಗಲಿಲ್ಲ. ಮಾತ್ರೆ, ಮುಲಾಮು ಸೇರಿ 310. ಅದನ್ನು ಯಾವ ಕಲಮ್ಮಿಗೆ ಹಾಕುವುದು?

ಆ ಐದು ದಿನದಲ್ಲಿ ಒಂದು ದಿನ, ಅವರ ಕೋಣೆಯ ಬೀರುವಿನಲ್ಲಿ ಮುಲಾಮು ಹುಡುಕುತ್ತಿದ್ದಾಗ ಅಪ್ಪನ ಲೆಕ್ಕದ ಪುಸ್ತಕಗಳು ಸಿಕ್ಕವು. ಅಪ್ಪ ಗುಮಾಸ್ತರಾಗಿದ್ದವರು, ಗೆರೆ ಎಳೆಯುವ ಚಟ ನನಗೆ ಬಂದದ್ದು ಅಲ್ಲಿಂದಲೇ. ನೀಲಿ ಮಸಿ, ಮುತ್ತಿನಂಥ ಅಕ್ಷರ. 1987ರ ಮೇ ತಿಂಗಳ ಹಾಳೆಯಲ್ಲಿ ಸಬ್ಬಕ್ಕಿ ಇದೆ, ಹಸಿ ಮೆಣಸಿನಕಾಯಿ ಇದೆ, ಇಂಗು ಇದೆ, ಗಾಡಿಯವನಿಗೆ ಕೊಟ್ಟ ಎಂಟಾಣೆಯೂ ಇದೆ. ಕೊನೆಯಲ್ಲಿ ‘ಮನೆಯಲ್ಲೇ ಸಂಡಿಗೆ ಹಪ್ಪಳ ಮಾಡಿದ್ದರಿಂದ ಉಳಿತಾಯ’ ಎಂದು ಬರೆದು ಕೆಳಗೆ ಎರಡು ಗೆರೆ. ನನ್ನವೇ ಗೆರೆಗಳು. ಆಗ ಮನೆಯಲ್ಲಿ ಎಂಟು ಜನ. ಮಿಕ್ಸಿ ಇರಲಿಲ್ಲ, ಒರಳು. ಅಮ್ಮನಿಗೆ 39.

ಪುಸ್ತಕ ತೋರಿಸಿದೆ. “ನೋಡಮ್ಮ, ಗಾಡಿಯವನ ಎಂಟಾಣೆ ಬರೆದಿದ್ದಾರೆ, ನೀನು ರುಬ್ಬಿದ್ದನ್ನ ಬರೆದಿಲ್ಲ.”

ಅಮ್ಮ ಕನ್ನಡಕ ಏರಿಸಿ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. “ಬರೆದಿದ್ರೆ ಕೊಡ್ತಿದ್ರಾ?” ಅಂದರು. ಆಮೇಲೆ, “ಅಕ್ಷರ ಎಷ್ಟು ಚೆನ್ನಾಗಿತ್ತು ನೋಡು ನಿಮ್ಮಪ್ಪಂದು” ಎಂದು ಪುಸ್ತಕ ಮುಚ್ಚಿ ದಿಂಬಿನ ಪಕ್ಕಕ್ಕೆ ಇಟ್ಟುಕೊಂಡರು.

ಅವರಿಗೆ ಬೇಸರವಿತ್ತೋ ಇಲ್ಲವೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ. ಅಂಗಡಿಯಿಂದ ತಂದರೆ ಆಯಿತಲ್ಲ ಎಂದು ನಾನು ಹೇಳಬಹುದು, ಹೇಳಿಯೂ ಇದ್ದೇನೆ. ಆ ಬೇಸಿಗೆಯ ಮುಂಚೆ ಹೇಳಿದ್ದು ಸೋಮಾರಿತನಕ್ಕೆ. ಈಗ ಹೇಳುವಾಗ ಕೆಲಸದ ತೂಕ ಗೊತ್ತಿದ್ದು ಹೇಳುತ್ತೇನೆ, ಆದರೂ ಅವರು ಒಪ್ಪುವುದಿಲ್ಲ. ಬಿಸಿಲು ಸುಮ್ಮನೆ ಹೋಗುತ್ತಿದೆ ಎನ್ನುವುದೇ ಅವರಿಗೆ ತಡೆಯಲಾಗದ ದುಂದು.

“ಭರಣಿ ಸುರಿದರೆ ಧರಣಿಯೆಲ್ಲ ಬೆಳೆ” ಎಂದು ಅಮ್ಮ ಏಪ್ರಿಲ್ ಕೊನೆಯಿಂದಲೇ ಆಕಾಶ ನೋಡುತ್ತಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ, ನಾನು ಚಾಪೆಯ ಮೇಲಿದ್ದಾಗ (ಹೌದು, ಚಾಪೆ ಪೂರ್ತಿ ಬಿಟ್ಟಿರಲಿಲ್ಲ), ಗಾಳಿ ಎದ್ದು ತೆಂಗಿನ ಗರಿ ಧಡ್ ಎಂದು ಹಿತ್ತಲಿಗೆ ಬಿತ್ತು. ಆಮೇಲೆ ಮಣ್ಣಿನ ವಾಸನೆ. ನಾನೂ ಮಗಳೂ ತಾರಸಿಗೆ ಓಡಿದೆವು. ಕೊನೆಯ ಬಿಸಿಲಿಗಿಟ್ಟಿದ್ದ ಬಾಳಕವನ್ನು ಪಂಚೆ ಸಮೇತ ಗಂಟು ಕಟ್ಟಿ ಇಳಿಸುವಷ್ಟರಲ್ಲಿ ಅರ್ಧ ನೆನೆದಿತ್ತು. ಕೆಳಗೆ ಅಮ್ಮ ಕೈಗೆ ಸಿಕ್ಕ ಬಕೆಟ್ಟು, ಕೊಳಗ, ಡಬರಿ ಎಲ್ಲವನ್ನೂ ಸೂರಿನ ನೀರಿಗೆ ಸಾಲಾಗಿ ಇಡುತ್ತಿದ್ದರು. ಮಗ ಬರೀ ಚಡ್ಡಿಯಲ್ಲಿ ಅಂಗಳದಲ್ಲಿ ಕುಣಿಯುತ್ತಿದ್ದ. ನೆನೆದ ಬಾಳಕವನ್ನು ಅಮ್ಮ ಹಂಡೆ ಒಲೆಯ ಕಟ್ಟೆಯ ಮೇಲೆ ಎರಡು ರಾತ್ರಿ ಹರವಿ ಒಣಗಿಸಿದರು. ಹೊಗೆಯ ಘಮಲು ಹಿಡಿದು, ನಿಜ ಹೇಳಬೇಕೆಂದರೆ, ಮಿಕ್ಕದ್ದಕ್ಕಿಂತ ಅದೇ ರುಚಿಯಾಯಿತು.

ಮೇ ಕೊನೆಗೆ ಶಾಲೆ ತೆರೆಯಿತು. ಬದನೆ ಗಿಡವೊಂದರಲ್ಲಿ ಅಮ್ಮ ಒಂದು ಕಾಯಿಯನ್ನು ಕೀಳಲು ಬಿಟ್ಟಿರಲಿಲ್ಲ. ಅದು ಹಣ್ಣಾಗಿ, ಹಳದಿ ತಿರುಗಿ, ಕೊನೆಗೆ ಅರಿಶಿನದ ಉಂಡೆಯ ಹಾಗಾಯಿತು. ಜೂನ್ ಮೊದಲ ವಾರದ ಸಂಜೆ ನಾನು ಶಾಲೆಯಿಂದ ಬಂದಾಗ ಅಮ್ಮ ಅದನ್ನು ಸೀಳಿ, ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಹಂಡೆ ಒಲೆಯ ಬೂದಿ ಬೆರೆಸಿ ಪೊಟ್ಟಣ ಕಟ್ಟುತ್ತಾ ಕೂತಿದ್ದರು. ಒಂದು ನಮಗೆ, ಒಂದು ಪಕ್ಕದ ಮನೆಗೆ, ಒಂದು ತಿಪಟೂರಿಗೆ. ಪೊಟ್ಟಣದ ಮೇಲೆ ನನ್ನ ಅಕ್ಷರ ಕಂಡಿತು. ಅಕ್ಕಿ 100, ಸಬ್ಬಕ್ಕಿ 90.

“ಅಮ್ಮ, ಇದು ನನ್ನ ಲೆಕ್ಕದ ಹಾಳೆ!”

“ಹಿಂದೆ ಖಾಲಿ ಹಾಳೆ ಇದೆ, ಅದನ್ನ ಯಾಕೆ ಹರೀಬೇಕು ಅಂತ ಬರೆದಿದ್ದನ್ನೇ ತಗೊಂಡೆ” ಅಂದರು. “ಆ ದಾರದುಂಡೆ ಇತ್ಲಾಗ್ ಕೊಡು.”